ಒಂದು ಮಾರ್ಕ್ ಹೆಚ್ಚು ಕೊಡಿ

1973ರ ಆಗಸ್ಟ್ ತಿಂಗಳಲ್ಲಿ, ಪಶ್ಚಿಮ ಜರ್ಮನಿಯ ರೈನ್ ನದಿಯ ದಂಡೆಯ ಎರಡು ಕಾರ್ಖಾನೆಗಳಲ್ಲಿ ಒಂದರ ಹಿಂದೆ ಒಂದು ಮುಷ್ಕರ ನಡೆಯಿತು. ಒಂದು, ನಾಯ್ಸ್ ಪಟ್ಟಣದ ಪಿಯರ್‌ಬುರ್ಗ್. ಕಾರುಗಳಿಗೆ ಕಾರ್ಬ್ಯುರೇಟರ್ ಮಾಡುವ ಕಾರ್ಖಾನೆ. ಇನ್ನೊಂದು, ಅಲ್ಲಿಂದ ಗಂಟೆಯ ಹಾದಿಯೂ ಇಲ್ಲದ ಕಲೋನ್‌ನ ಫೋರ್ಡ್. ಎರಡೂ ಕಡೆ ಕೆಲಸ ನಿಲ್ಲಿಸಿದವರು ಹೊರದೇಶಗಳಿಂದ ದುಡಿಯಲು ಬಂದವರು. ಎರಡೂ ಕಡೆ ಬೇಡಿಕೆ ಹೆಚ್ಚುಕಮ್ಮಿ ಒಂದೇ: ಗಂಟೆಗೆ ಒಂದು ಮಾರ್ಕ್ ಹೆಚ್ಚು ಕೊಡಿ. ನಾಯ್ಸ್‌ನವರು ಗೆದ್ದರು. ಕಲೋನ್‌ನವರು ಸೋತರು, ಅವರಲ್ಲಿ ಎಷ್ಟೋ ಜನ ಕೆಲಸವನ್ನೂ ಕಳೆದುಕೊಂಡರು.

ವಲಸೆ ಬಂದವರು ಹೊಸ ನಾಡಿನಲ್ಲಿ ಬೆರೆಯುತ್ತಾರೋ ಇಲ್ಲವೋ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ತಲೆವಸ್ತ್ರ, ಮಸೀದಿ, ಭಾಷೆ, ಅಡುಗೆಯ ವಾಸನೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಇವು ಸುಳ್ಳು ಪ್ರಶ್ನೆಗಳೇನಲ್ಲ. ಆದರೆ ಜರ್ಮನಿಯ ಈ ಎಪ್ಪತ್ತು ವರ್ಷಗಳ ಕಥೆಯನ್ನು ಓದಿದಷ್ಟೂ ನನಗೆ ಗಟ್ಟಿಯಾಗುತ್ತ ಬಂದ ಅಭಿಪ್ರಾಯ ಬೇರೆ. ಬೆರೆಯುವುದೋ ಹೊರಗುಳಿಯುವುದೋ ಎಂಬುದು ಮೊದಲು ತೀರ್ಮಾನವಾಗುವುದು ಸಂಬಳದ ಚೀಟಿಯಲ್ಲಿ, ಕೆಲಸದ ಪರವಾನಗಿಯಲ್ಲಿ. ಸಂಸ್ಕೃತಿಯ ಜಗಳ ಶುರುವಾಗುವುದು ಆಮೇಲೆ.

ಪಿಯರ್‌ಬುರ್ಗ್‌ನಲ್ಲಿ ದುಡಿಯುವವರಲ್ಲಿ ಬಹುಪಾಲು ವಿದೇಶಿಯರು, ವಿದೇಶಿಯರಲ್ಲಿ ಬಹುಪಾಲು ಹೆಂಗಸರು. ಯುಗೊಸ್ಲಾವಿಯ, ಟರ್ಕಿ, ಗ್ರೀಸ್, ಸ್ಪೇನ್, ಇಟಲಿ, ಪೋರ್ಚುಗಲ್‌ನಿಂದ ಬಂದಿದ್ದವರು. ಅವರನ್ನು ಇರಿಸಿದ್ದು ಎರಡನೇ ದರ್ಜೆಯ ಕೂಲಿಯಲ್ಲಿ, ಗಂಟೆಗೆ 4 ಮಾರ್ಕ್ 70 ಫೆನಿಗ್. ಜನ ಅದನ್ನು ಹಗುರ ಕೆಲಸದ ದರ್ಜೆ ಎನ್ನುತ್ತಿದ್ದರು. ಅದು ಹುಟ್ಟಿದ ಬಗೆ ಕೇಳುವಂತಿದೆ. ಯುದ್ಧ ಮುಗಿದ ಮೇಲೂ ಜರ್ಮನಿಯ ಕೂಲಿ ಒಪ್ಪಂದಗಳಲ್ಲಿ, ಅದೇ ಕೆಲಸವನ್ನು ಹೆಂಗಸು ಮಾಡಿದರೆ ಇಷ್ಟು ಕಡಿತ ಎಂದು ಬರೆದೇ ಇರುತ್ತಿತ್ತು. 1955ರಲ್ಲಿ ಅಲ್ಲಿನ ಫೆಡರಲ್ ಕಾರ್ಮಿಕ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಕಡಿತದ ಕಲಂ ಹೋಯಿತು, ಅದರ ಜಾಗಕ್ಕೆ ಹಗುರ ಕೆಲಸ ಎಂಬ ದರ್ಜೆ ಬಂತು. ಪಾಳಿ ಪೂರ್ತಿ ಯಂತ್ರದ ಮುಂದೆ ಕೂತು, ಕಣ್ಣು ಕೀಲಿಸಿ, ಅದೇ ಪುಟ್ಟ ಬಿಡಿಭಾಗವನ್ನು ಮತ್ತೆ ಮತ್ತೆ ಜೋಡಿಸುವ ಕೆಲಸ ಅದು. ತೋಳ್ಬಲ ಬೇಡವಾದ್ದರಿಂದ ಹಗುರ. ಆ ದರ್ಜೆಯಲ್ಲಿ ಗಂಡಸರು ಹುಡುಕಿದರೂ ಸಿಗುತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಗಸ್ಟ್ 13ರ ಸೋಮವಾರ ಬೆಳಗಿನ ಪಾಳಿಗೆ ಬಂದ ಹೆಂಗಸರು ಗೇಟಿನಲ್ಲೇ ನಿಂತರು. ಕಾರ್ಮಿಕ ಸಂಘ ಕರೆ ಕೊಟ್ಟಿರಲಿಲ್ಲ, ಹಾಗಾಗಿ ಕಾನೂನಿನ ಕಣ್ಣಲ್ಲಿ ಅದು ಅಕ್ರಮ ಮುಷ್ಕರ. ಪೊಲೀಸರು ಬಂದರು, ಹೊಡೆದರು, ಹೆಂಗಸರು ಕದಲಲಿಲ್ಲ. ನಾಲ್ಕನೇ ದಿನ ಟೂಲ್ ರೂಮಿನ ಜರ್ಮನ್ ಕುಶಲಕರ್ಮಿಗಳು ಉಪಕರಣ ಕೆಳಗಿಟ್ಟು ಹೊರಗೆ ಬಂದರು. ಅಲ್ಲಿಗೆ ಲೆಕ್ಕ ಬದಲಾಯಿತು. ಆ ಕುಶಲಕರ್ಮಿಗಳಿಲ್ಲದೆ ಕಾರ್ಖಾನೆ ಓಡದು. ಆ ಕಾರ್ಖಾನೆಯ ಕಾರ್ಬ್ಯುರೇಟರ್ ಬರದಿದ್ದರೆ ದೊಡ್ಡ ದೊಡ್ಡ ಕಾರು ಕಂಪನಿಗಳ ಲೈನ್ ಓಡದು. ವಾರ ಮುಗಿಯುವುದರೊಳಗೆ ಆಡಳಿತ ಬಗ್ಗಿತು. ಎರಡನೇ ದರ್ಜೆ ರದ್ದಾಯಿತು, ಗಂಟೆಗೆ ಅರ್ಧ ಮಾರ್ಕಿಗೂ ಮಿಕ್ಕಿ ಕೂಲಿ ಏರಿತು. ಗ್ರೀಕ್ ಹೆಂಗಸರೂ ತುರ್ಕಿ ಹೆಂಗಸರೂ ಒಂದೇ ಗೇಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಮರುವರ್ಷವೇ ಸೈಪ್ರಸ್ ವಿಷಯದಲ್ಲಿ ಅವರ ದೇಶಗಳು ಯುದ್ಧದ ಅಂಚಿಗೆ ಹೋದವು ಎಂಬುದನ್ನೂ ಇಲ್ಲಿ ನೆನೆಯಬಹುದು.

ಫೋರ್ಡ್‌ನಲ್ಲಿ ಸುಮಾರು 12 ಸಾವಿರ ತುರ್ಕಿ ಕೆಲಸಗಾರರಿದ್ದರು. ಅವರ ಪಾಲಿಗೆ ಬಂದದ್ದು ಅಂತಿಮ ಜೋಡಣೆಯ ಲೈನ್, ಅಂದರೆ ಸೊಂಟ ಬಗ್ಗಿಸಿ, ಕೈ ಮೇಲೆತ್ತಿ, ಬೆಲ್ಟಿನ ವೇಗಕ್ಕೆ ತಕ್ಕಂತೆ ಓಡುವ ಕೆಲಸ. ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಅನಟೋಲಿಯದ ಹಳ್ಳಿಗೆ ಕಾರಿನಲ್ಲಿ ಹೋಗಿ ಬರುವುದಕ್ಕೇ ವಾರ ಬೇಕು. ಆ ಬೇಸಿಗೆಯಲ್ಲಿ ತಡವಾಗಿ ಮರಳಿದ ಸುಮಾರು 300 ಜನರನ್ನು ಕಂಪನಿ ಕೆಲಸದಿಂದ ತೆಗೆಯಿತು. ಅವರ ಕೆಲಸವೂ ಉಳಿದವರ ಹೆಗಲಿಗೆ ಬಿತ್ತು. ಆಗಸ್ಟ್ 24ರಂದು ಲೈನ್ ನಿಂತಿತು. ಮೊದಲು ಒಂದಷ್ಟು ಜರ್ಮನರೂ ಜೊತೆಗಿದ್ದರು, ದಿನ ಕಳೆದಂತೆ ಚದುರಿದರು. ಸಂಘವೂ ಕಾರ್ಖಾನೆಯ ಕಾರ್ಮಿಕ ಮಂಡಳಿಯೂ ಎದುರು ನಿಂತವು. 30ರಂದು ಮುಷ್ಕರದ ವಿರುದ್ಧ ಒಂದು ಮೆರವಣಿಗೆ ಹೊರಟಿತು, ಹೊಡೆದಾಟವಾಯಿತು, ಪೊಲೀಸರು ನುಗ್ಗಿ ಮುಂದಾಳುಗಳನ್ನು ಹಿಡಿದರು. ಪತ್ರಿಕೆಗಳು ಇದನ್ನು ತುರ್ಕಿಗಳ ಗಲಾಟೆ ಎಂದು ಬರೆದವು.

ಕಲೋನ್‌ನ ತುರ್ಕಿಗಳು ನಾಯ್ಸ್‌ನ ತುರ್ಕಿಗಳಿಗಿಂತ ಹೆಚ್ಚು ಒರಟರೇನಲ್ಲ, ಅವರ ಧರ್ಮವೂ ಬೇರೆಯಲ್ಲ. ನಾಯ್ಸ್‌ನಲ್ಲಿ ಅನ್ಯಾಯಕ್ಕೆ ಒಂದು ಹೆಸರಿತ್ತು, ಒಂದು ದರ್ಜೆಯ ಸಂಖ್ಯೆಯಿತ್ತು. ಅದನ್ನು ಕಿತ್ತರೆ ಜರ್ಮನ್ ಕುಶಲಕರ್ಮಿಗೆ ನಷ್ಟವಿರಲಿಲ್ಲ. ಫೋರ್ಡ್‌ನಲ್ಲಿ ತುರ್ಕಿಗಳು ದುಡಿಯುವ ಶೆಡ್ ಬೇರೆ, ಜರ್ಮನರದು ಬೇರೆ, ಕೆಲಸ ಬೇರೆ, ಕೂಲಿ ಬೇರೆ, ಮಂಡಳಿಯಲ್ಲಿ ದನಿಯೂ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಸೂರಿನಡಿ ಎರಡು ಕಾರ್ಖಾನೆ ಇದ್ದ ಹಾಗೆ. ಅಂಥಲ್ಲಿ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗಲಾಟೆಯಾಗಿಯೇ ಕೇಳಿಸುತ್ತದೆ.

ಇವರೆಲ್ಲ ಬಂದದ್ದು ಹೇಗೆ ಎಂದು ಹಿಂದಕ್ಕೆ ಹೋಗಬೇಕು. ಯುದ್ಧಾನಂತರ ಜರ್ಮನಿಯ ಕಾರ್ಖಾನೆಗಳು ಚಿಗುರಿ ಆಳು ಸಾಲದಾದಾಗ ಸರ್ಕಾರ ಒಂದೊಂದೇ ದೇಶದ ಜೊತೆ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಇಟಲಿ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ, ಆಮೇಲೆ ಮೊರಾಕ್ಕೊ, ಪೋರ್ಚುಗಲ್, ಟ್ಯುನೀಷಿಯ, 1968ರಲ್ಲಿ ಯುಗೊಸ್ಲಾವಿಯ. ಇಸ್ತಾಂಬುಲ್‌ನಲ್ಲಿ ಜರ್ಮನ್ ಕಾರ್ಮಿಕ ಇಲಾಖೆಯ ಕಚೇರಿಯೇ ಇತ್ತು. ಅಲ್ಲಿ ಗಂಡಸರನ್ನು ಒಳಚಡ್ಡಿಯಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು, ಎದೆ, ಮೂತ್ರ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ಪಾಸಾದವರು ಸಿರ್ಕೆಜಿ ನಿಲ್ದಾಣದಲ್ಲಿ ರೈಲು ಹತ್ತಿ, ಎರಡು ಹಗಲು ಎರಡು ರಾತ್ರಿ ದಾಟಿ ಮ್ಯೂನಿಕ್‌ನ 11ನೇ ಪ್ಲಾಟ್‌ಫಾರಂನಲ್ಲಿ ಇಳಿಯುತ್ತಿದ್ದರು. ಇಳಿದವರನ್ನು ಒಯ್ಯುತ್ತಿದ್ದದ್ದು ನಿಲ್ದಾಣದ ಕೆಳಗೆ, ಬಾಂಬು ದಾಳಿಯ ಕಾಲದಲ್ಲಿ ಆಶ್ರಯಕ್ಕೆಂದು ಕಟ್ಟಿದ್ದ ಹಳೆಯ ನೆಲಮಾಳಿಗೆಗೆ. ಬಿಸಿ ಸೂಪು ಕೊಟ್ಟು, ಹೆಸರು ಕೂಗಿ, ನೀನು ಈ ಕಂಪನಿಗೆ, ನೀನು ಆ ಕಂಪನಿಗೆ ಎಂದು ಹಂಚುತ್ತಿದ್ದರು. ಕಂಪನಿಗಳು ತಲೆಗಿಷ್ಟು ಎಂದು ಸರ್ಕಾರಕ್ಕೆ ಶುಲ್ಕ ಕಟ್ಟಿರುತ್ತಿದ್ದವು.

1964ರ ಸೆಪ್ಟೆಂಬರ್ 10ರಂದು ಕಲೋನ್‌ಗೆ ಬಂದಿಳಿದ ಪೋರ್ಚುಗಲ್‌ನ ಬಡಗಿ ಅರ್ಮಾಂಡೊ ರೊಡ್ರಿಗಸ್‌ಗೆ ಹತ್ತು ಲಕ್ಷದ ಅತಿಥಿ ಕಾರ್ಮಿಕ ಎಂದು ಹಾರ ತುರಾಯಿಯ ಜೊತೆ ಒಂದು ಮೊಪೆಡ್ ಕೊಟ್ಟರು. ಆ ಮೊಪೆಡ್ ಈಗ ಬಾನ್ ನಗರದ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಆತ ಕಾಯಿಲೆ ಬಿದ್ದು ಊರಿಗೆ ಮರಳಿ, ಕೂಡಿಟ್ಟದ್ದನ್ನೆಲ್ಲ ಚಿಕಿತ್ಸೆಗೆ ಸುರಿದು 1979ರಲ್ಲಿ ತೀರಿಕೊಂಡ.

ಒಪ್ಪಂದದ ಹಿಂದಿನ ಲೆಕ್ಕ ಸರಳವಾಗಿತ್ತು. ಒಬ್ಬ ಆರೋಗ್ಯವಂತ ಇಪ್ಪತ್ತೈದರ ಯುವಕನನ್ನು ಬೆಳೆಸಲು ಹಾಲು, ಅನ್ನ, ಶಾಲೆ, ಔಷಧ ಎಂದು ಖರ್ಚಾಗಿರುತ್ತದೆ. ಆ ಖರ್ಚು ಅನಟೋಲಿಯದ ಹಳ್ಳಿಯದು. ಮುಪ್ಪಿನ ಖರ್ಚೂ ಆ ಹಳ್ಳಿಯದೇ ಎಂಬುದು ಎಣಿಕೆ. ನಡುವಿನ ಗಟ್ಟಿ ವರ್ಷಗಳು ಮಾತ್ರ ಜರ್ಮನಿಗೆ. ಟರ್ಕಿಯ ಜೊತೆಗಿನ ಮೊದಲ ಒಪ್ಪಂದದಲ್ಲಿ ಎರಡು ವರ್ಷ ದುಡಿದು ಹಿಂದಿರುಗಬೇಕು, ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂದಿತ್ತು. ಹೀಗೆ ಬಂದುಹೋಗುವವನಿಗೆ ಮನೆ ಬೇಡ, ಆರು ಜನರ ಅಟ್ಟದ ಮಂಚದ ಕೊಠಡಿ ಸಾಕು. ಶಾಲೆ ಬೇಡ. ಭಾಷೆಯೂ ಬೇಡ, ಮೇಸ್ತ್ರಿಯ ಹತ್ತು ಪದಗಳು ತಿಳಿದರೆ ಸಾಕು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಜರ್ಮನ್ ಕಾರ್ಮಿಕ ಸಂಘಗಳು ಮೊದಲಿನಿಂದಲೇ ಹಟ ಹಿಡಿದು, ವಿದೇಶಿಯನಿಗೂ ಒಪ್ಪಂದದ ಕೂಲಿಯನ್ನೇ ಕೊಡಬೇಕು ಎಂದು ಬರೆಸಿದ್ದವು. ವಿದೇಶಿಯರ ಮೇಲಿನ ಮಮತೆಗಿಂತ ತಮ್ಮ ಕೂಲಿ ಇಳಿಯಬಾರದೆಂಬ ಎಚ್ಚರ ಅದು, ಆದರೂ ಅದರಿಂದ ಆದ ಉಪಕಾರ ದೊಡ್ಡದು. ಕೂಲಿಯನ್ನು ನೇರವಾಗಿ ಕತ್ತರಿಸಲು ಆಗದಿದ್ದಾಗ, ಹೆಂಗಸರಿಗೆಂದು ಹುಟ್ಟಿದ್ದ ದರ್ಜೆಗಳ ಆಟ ಇಲ್ಲೂ ಉಪಯೋಗಕ್ಕೆ ಬಂತು.

ಎರಡು ವರ್ಷದ ಕಲಂ ತೆಗೆಯಿರಿ ಎಂದು ದುಂಬಾಲು ಬಿದ್ದವರು ಯಾರು? ವಲಸಿಗರಲ್ಲ, ಮಾನವೀಯ ಸಂಘಟನೆಗಳೂ ಅಲ್ಲ. ಕಾರ್ಖಾನೆಗಳ ಮಾಲೀಕರು. ಕೆಲಸ ಕಲಿಸಿ ಕೈ ಪಳಗಿಸಿದ ಆಳನ್ನು ಕಳಿಸಿ ಹೊಸಬನಿಗೆ ಮತ್ತೆ ಅಆಇಈ ಹೇಳಿಕೊಡುವುದು ಅವರಿಗೆ ನಷ್ಟದ ಬಾಬತ್ತು. 1964ರಲ್ಲಿ ಕಲಂ ಹೋಯಿತು. ಆಳು ಕಾಯಂ ಆಗತೊಡಗಿದ, ಸರ್ಕಾರದ ಮಾತು ಮಾತ್ರ ಹಂಗಾಮಿಯಾಗಿಯೇ ಉಳಿಯಿತು.

1973ರ ನವೆಂಬರ್ 23ರಂದು, ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ, ಕಾರ್ಮಿಕ ಮಂತ್ರಿ ವಾಲ್ಟರ್ ಆರೆಂಟ್ ನೇಮಕಾತಿಯನ್ನೇ ನಿಲ್ಲಿಸಿದರು. ಇನ್ನು ಜನ ಕಡಿಮೆಯಾಗುತ್ತಾರೆ ಎಂದು ಎಣಿಸಿದ್ದರು. ಆದದ್ದು ತಲೆಕೆಳಗು. ಅಲ್ಲಿಯವರೆಗೆ ಬಾಗಿಲು ಎರಡೂ ಕಡೆಗೆ ತೆರೆಯುತ್ತಿತ್ತು. 1955ರಿಂದ 1973ರವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಬಂದು, ಅವರಲ್ಲಿ 1 ಕೋಟಿ 10 ಲಕ್ಷದಷ್ಟು ಜನ ತಾವಾಗಿಯೇ ಮರಳಿದ್ದರು. ಈಗ ಹೋದರೆ ಮತ್ತೆ ಬರಲಾಗದು ಎಂದಾದಾಗ ಹೋಗುವವರು ನಿಂತರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1980ರ ಹೊತ್ತಿಗೆ ದೇಶದಲ್ಲಿದ್ದ ವಿದೇಶಿಯರ ಸಂಖ್ಯೆ 1973ಕ್ಕಿಂತ ಹೆಚ್ಚಾಗಿತ್ತು. ಗಡಿ ಬಿಗಿ ಮಾಡಿದರೆ ವಲಸೆ ಕಡಿಮೆಯಾಗುತ್ತದೆ ಎಂದು ಇಂದಿಗೂ ಭಾಷಣ ಮಾಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

1983ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ ಇನ್ನೊಂದು ಉಪಾಯ ಹೂಡಿತು. ಕೆಲಸ ಕಳೆದುಕೊಂಡ ವಿದೇಶಿ ಕಾರ್ಮಿಕ ಸಂಸಾರ ಸಮೇತ ಊರಿಗೆ ಹೊರಟರೆ 10,500 ಮಾರ್ಕ್, ಮಗುವಿಗೆ ತಲಾ 1,500. ಪಿಂಚಣಿಗೆಂದು ಕಟ್ಟಿದ ಹಣವನ್ನೂ ಕೂಡಲೇ ವಾಪಸು ಪಡೆಯಬಹುದು. ಆದರೆ ಕಾರ್ಮಿಕ ಕಟ್ಟಿದ ಪಾಲು ಮಾತ್ರ. ಅವನ ಹೆಸರಿನಲ್ಲಿ ಮಾಲೀಕ ಕಟ್ಟಿದ್ದ ಪಾಲು ಜರ್ಮನಿಯಲ್ಲೇ ಉಳಿಯಿತು. ಬೀಳ್ಕೊಡುಗೆಯಲ್ಲೂ ಲಾಭ ನೋಡಿದ ಅಪರೂಪದ ಉದಾಹರಣೆ.

ಅಷ್ಟರಲ್ಲಿ ರೂರ್ ಪ್ರದೇಶದ ಗಣಿಗಳು, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬಿಡಿಭಾಗ ಜೋಡಿಸುವ ಕೆಲಸ ಇನ್ನೂ ಅಗ್ಗದ ಕೂಲಿಯ ದೇಶಗಳತ್ತ ಹೊರಟಿತ್ತು. ಓದು ಬೇಡ, ತೋಳ್ಬಲ ಇದ್ದರೆ ಸಾಕು ಎಂದು ಆರಿಸಿ ತಂದವರನ್ನೇ ಈಗ ಓದಿಲ್ಲ, ಭಾಷೆ ಬಾರದು ಎಂದು ಆಡಿಕೊಳ್ಳುವ ಕಾಲ ಬಂತು. ಅವರ ಮಕ್ಕಳನ್ನು, ಹೇಗೂ ಹಿಂದಿರುಗುವವರು ಎಂದು, ಬವೇರಿಯದಂಥ ಕಡೆ ಪ್ರತ್ಯೇಕ ತರಗತಿಗಳಲ್ಲಿ ಕೂರಿಸಿದ್ದರು. ಕೊರೊನಾ ಲಸಿಕೆಯಿಂದ ಹೆಸರಾದ ಬಯೋಎನ್‌ಟೆಕ್‌ನ ಉಗುರ್ ಶಾಹಿನ್ ನಾಲ್ಕರ ಬಾಲಕನಾಗಿ ಟರ್ಕಿಯಿಂದ ಕಲೋನ್‌ಗೆ ಬಂದವರು. ತಂದೆ ದುಡಿದದ್ದು ಅದೇ ಫೋರ್ಡ್‌ನಲ್ಲಿ. ನಾಲ್ಕನೇ ತರಗತಿಯ ಬಳಿಕ ಈ ಹುಡುಗನಿಗೆ ಕಸುಬು ಕಲಿಸುವ ಶಾಲೆ ಸಾಕು ಎಂದು ಶಿಕ್ಷಕರು ಶಿಫಾರಸು ಮಾಡಿದ್ದರು. ಪಕ್ಕದ ಮನೆಯ ಜರ್ಮನ್ ಹಿರಿಯರೊಬ್ಬರು ನಡುವೆ ಬಾಯಿ ಹಾಕಿದ್ದರಿಂದ ವಿಶ್ವವಿದ್ಯಾಲಯಕ್ಕೆ ದಾರಿ ಮಾಡುವ ಶಾಲೆ ಸಿಕ್ಕಿತು. ಈ ಕಥೆಯನ್ನು ವಲಸಿಗರ ಯಶೋಗಾಥೆ ಎಂದು ಹೇಳುವವರೇ ಹೆಚ್ಚು. ನನಗೆ ನೆನಪಾಗುವುದು ಅಂಥ ಪಕ್ಕದ ಮನೆ ಇರದಿದ್ದ ಮಕ್ಕಳು.

ಹಕ್ಕುಗಳ ವಿಷಯದಲ್ಲೂ ಒಂದು ವಿಚಿತ್ರವಿತ್ತು. 1972ರ ಕಾನೂನಿನ ಬಳಿಕ ತುರ್ಕಿ ಕಾರ್ಮಿಕ ಕಾರ್ಖಾನೆಯ ಮಂಡಳಿಗೆ ಮತ ಹಾಕಬಹುದಿತ್ತು, ಚುನಾವಣೆಗೂ ನಿಲ್ಲಬಹುದಿತ್ತು. ಗೇಟು ದಾಟಿ ಹೊರಬಂದರೆ ಊರಿನ ಮುನ್ಸಿಪಾಲಿಟಿಗೆ ಮತವಿಲ್ಲ. ವಿದೇಶಿಯರಿಗೆ ಸ್ಥಳೀಯ ಮತದ ಹಕ್ಕು ಕೊಡಲು ಹೊರಟ ರಾಜ್ಯಗಳನ್ನು 1990ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತಡೆಯಿತು. ಪೌರತ್ವವಂತೂ 1913ರ ಕಾನೂನಿನಂತೆ ರಕ್ತಸಂಬಂಧದ ಮೇಲೆ ನಿಂತಿತ್ತು. ಜರ್ಮನಿಯಲ್ಲೇ ಹುಟ್ಟಿದ ಮಗುವೂ ವಿದೇಶಿ. ಅದು ಬದಲಾದದ್ದು 2000ದಲ್ಲಿ. ಎರಡೂ ದೇಶಗಳ ಪೌರತ್ವ ಇಟ್ಟುಕೊಳ್ಳಲು ಎಲ್ಲರಿಗೂ ಅವಕಾಶವಾದದ್ದು 2024ರಲ್ಲಿ, ಮೊದಲ ತಲೆಮಾರಿನ ಎಷ್ಟೋ ಜನ ಮಣ್ಣಾದ ಮೇಲೆ. ನಡುವೆ 1992ರಲ್ಲಿ ಮ್ಯೋಲ್ನ್‌ನಲ್ಲಿ, 1993ರಲ್ಲಿ ಝೋಲಿಂಗನ್‌ನಲ್ಲಿ ತುರ್ಕಿ ಕುಟುಂಬಗಳ ಮನೆಗಳಿಗೆ ಬೆಂಕಿ ಹಚ್ಚಿ ಹೆಂಗಸರನ್ನು, ಮಕ್ಕಳನ್ನು ಸುಟ್ಟರು. ದೇಶ ಅವರನ್ನು ನಮ್ಮವರು ಎಂದು ಕಾಗದದಲ್ಲಿ ಬರೆಯಲು ತಡ ಮಾಡಿದ್ದಕ್ಕೂ ಆ ಬೆಂಕಿಗೂ ಸಂಬಂಧವೇ ಇಲ್ಲ ಎನ್ನಲು ನನಗೆ ಧೈರ್ಯ ಬಾರದು.

ವಲಸಿಗರು ಬಂದರೆ ಊರವರ ಕೂಲಿ ಇಳಿಯುತ್ತದೆಯೇ ಎಂಬ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅರ್ಥಶಾಸ್ತ್ರಜ್ಞರ ಜಗಳ ಇನ್ನೂ ಮುಗಿದಿಲ್ಲ. ಪಶ್ಚಿಮ ಜರ್ಮನಿಯ ಮಟ್ಟಿಗೆ ನಡೆದ ಅಧ್ಯಯನಗಳಲ್ಲಿ ಕಾಣುವುದು, ಹೊಸಬರಿಂದ ಹೆಚ್ಚು ಪೆಟ್ಟು ತಿಂದವರು ಜರ್ಮನರಲ್ಲ, ಮೊದಲೇ ಬಂದಿದ್ದ ವಲಸಿಗರು. ಇಬ್ಬರೂ ಒಂದೇ ಬಗೆಯ ಕೆಲಸಕ್ಕೆ ಸಾಲು ನಿಲ್ಲುವವರಲ್ಲವೇ. ಹಳೆಯ ವಲಸಿಗರು ಹೊಸಬರ ಮೇಲೆ ಸಿಡುಕುವುದನ್ನು ಕಂಡು ಆಶ್ಚರ್ಯಪಡುವವರಿಗೆ ಇದರಲ್ಲಿ ಉತ್ತರವಿದೆ.

ಈಗಿನ ಮಾತಿಗೆ ಬರೋಣ. ಕಾರ್ಬ್ಯುರೇಟರ್ ಕಾರ್ಖಾನೆಯನ್ನು ಇನ್ನೊಂದು ದೇಶಕ್ಕೆ ಒಯ್ಯಬಹುದು. ಹಾಸಿಗೆ ಹಿಡಿದ ಮುದುಕಿಯನ್ನು, ಹಂದಿ ಕಡಿಯುವ ಕಸಾಯಿಖಾನೆಯನ್ನು, ಹೆದ್ದಾರಿಯನ್ನು ಒಯ್ಯಲಾಗದು. ಆದ್ದರಿಂದ ಕೆಲಸವನ್ನು ಅಲ್ಲೇ ಬಿಟ್ಟು ಕೆಲಸಗಾರನ ಒಪ್ಪಂದವನ್ನು ಮಾತ್ರ ಹೊರಗೆ ಕಳಿಸುವ ಜಾಣತನ ಬೆಳೆಯಿತು. ಮಾಂಸದ ಉದ್ಯಮದಲ್ಲಿ ರೊಮೇನಿಯ, ಬಲ್ಗೇರಿಯದವರು ಕತ್ತಿ ಹಿಡಿದು ನಿಂತದ್ದು ಜರ್ಮನ್ ಕಂಪನಿಯ ಲೈನಿನಲ್ಲಿ. ಹಾಜರಿ ಪುಸ್ತಕ ಇದ್ದದ್ದು ಒಳಗುತ್ತಿಗೆದಾರನ ಕೈಯಲ್ಲಿ. ಮಂಚದ ಬಾಡಿಗೆ, ವ್ಯಾನಿನ ಬಾಡಿಗೆ ಎಂದು ಸಂಬಳದಲ್ಲಿ ಹಿಡಿಯುತ್ತಿದ್ದರು. 2015ರಲ್ಲಿ ಗಂಟೆಗೆ 8.50 ಯೂರೊ ಕನಿಷ್ಠ ಕೂಲಿ ಜಾರಿಯಾದ ಮೇಲೂ ಈ ಕಡಿತಗಳ ದಾರಿ ತೆರೆದೇ ಇತ್ತು. 2020ರ ಜೂನ್‌ನಲ್ಲಿ ರೇಡಾ-ವೀಡನ್‌ಬ್ರ್ಯುಕ್ ಊರಿನ ಟ್ಯೋನಿಸ್ ಕಸಾಯಿಖಾನೆಯಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಕೊರೊನಾ ತಗುಲಿದಾಗಲೇ ಆ ಕಿಕ್ಕಿರಿದ ಕೊಠಡಿಗಳು ದೇಶಕ್ಕೆ ಕಂಡದ್ದು. ಸೋಂಕು ಒಳಗುತ್ತಿಗೆಯ ಗೆರೆ ನೋಡಿ ನಿಲ್ಲಲಿಲ್ಲ, ಇಡೀ ಜಿಲ್ಲೆಗೆ ಬೀಗ ಬಿತ್ತು. ಬೀಗ ಬಿದ್ದದ್ದೇ, ವರ್ಷಗಟ್ಟಲೆ ಆಗದ ಕಾನೂನು ತಿಂಗಳುಗಳಲ್ಲಿ ಆಯಿತು: 2021ರ ಜನವರಿಯಿಂದ ದೊಡ್ಡ ಕಸಾಯಿಖಾನೆಗಳು ಕಡಿಯುವ, ಕತ್ತರಿಸುವ ಕೆಲಸಕ್ಕೆ ತಾವೇ ನೇರವಾಗಿ ಆಳು ಇಟ್ಟುಕೊಳ್ಳಬೇಕು.

ಅದೇ ವರ್ಷದ ಜೂನ್‌ನಲ್ಲಿ ಬಲ್ಗೇರಿಯದ ಒಬ್ಬ ಆರೈಕೆದಾರಳ ಪ್ರಕರಣದಲ್ಲಿ ಕಾರ್ಮಿಕ ನ್ಯಾಯಾಲಯ ಇನ್ನೊಂದು ಗಂಟು ಬಿಡಿಸಿತು. ಆಕೆಯ ಒಪ್ಪಂದದಲ್ಲಿ ವಾರಕ್ಕೆ 30 ಗಂಟೆ ಕೆಲಸ. ನಿಜದಲ್ಲಿ ಅಜ್ಜಿಯ ಮನೆಯಲ್ಲೇ ವಾಸ, ರಾತ್ರಿ ಕರೆದರೆ ಏಳಬೇಕು. ಹೀಗೆ ಕಾದು ಮಲಗಿದ ಹೊತ್ತೂ ಕೆಲಸದ ಹೊತ್ತೇ, ಅದಕ್ಕೂ ಕನಿಷ್ಠ ಕೂಲಿ ಕೊಡಿ ಎಂದಿತು ತೀರ್ಪು. ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ಅಂದು ಲೆಕ್ಕದ ಪುಸ್ತಕ ತೆರೆದಿರಬೇಕು. 2023ರಲ್ಲಿ ಡಾರ್ಮ್‌ಸ್ಟಾಟ್ ಬಳಿಯ ಗ್ರೇಫನ್‌ಹೌಸನ್ ಎಂಬ ಹೆದ್ದಾರಿ ತಂಗುದಾಣದಲ್ಲಿ ಜಾರ್ಜಿಯ, ಉಜ್ಬೇಕಿಸ್ತಾನದ ಲಾರಿ ಚಾಲಕರು ಬಾಕಿ ಸಂಬಳಕ್ಕಾಗಿ ವಾರಗಟ್ಟಲೆ ಲಾರಿ ನಿಲ್ಲಿಸಿದರು. ಲಾರಿ ಪೋಲೆಂಡಿನದು, ಚಾಲಕ ಜಾರ್ಜಿಯದವನೋ ಉಜ್ಬೇಕಿಸ್ತಾನದವನೋ, ರಸ್ತೆ ಜರ್ಮನಿಯದು, ಸರಕು ಯಾರದೋ. ಮಾಲೀಕ ಖಾಸಗಿ ಪಡೆಯನ್ನು ಕಟ್ಟಿಕೊಂಡು, ಕವಚದ ವಾಹನ ಸಮೇತ ಲಾರಿ ಬಿಡಿಸಿಕೊಳ್ಳಲು ಬಂದ. ಈ ಸಲ ಪೊಲೀಸರು ಹಿಡಿದದ್ದು ಅವನ ಕಡೆಯವರನ್ನು. ಜರ್ಮನ್ ಸಂಘದವರು ಊಟ ತಂದರು, ಕೊನೆಗೆ ಹಣವೂ ಬಂತು. ಐವತ್ತು ವರ್ಷಗಳಲ್ಲಿ ಅಷ್ಟು ಬದಲಾವಣೆ ಆಗಿದೆ ಎಂದು ಒಪ್ಪಬೇಕು.

ನಮ್ಮ ಕಡೆಯಿಂದಲೂ ಈಗ ಅಲ್ಲಿಗೆ ಜನ ಹೊರಟಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಬೆಂಗಳೂರು, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರು ಜರ್ಮನ್ ಭಾಷೆಯ ಬಿ1, ಬಿ2 ಪರೀಕ್ಷೆಗಳಿಗೆ ಓದುತ್ತಿದ್ದಾರೆ. ಇವರು ಕುಶಲಿಗರು, ಅಗ್ಗದ ಕೂಲಿಯ ಮಾತು ಇವರಿಗೆ ತಾಗದು ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. 1960ರ ದಶಕದಲ್ಲಿ ಹೋದ ಕೊರಿಯದ ನರ್ಸ್‌ಗಳೂ ಕುಶಲಿಗರೇ ಆಗಿದ್ದರು; 1977ರಲ್ಲಿ ಇನ್ನು ಸಾಕು ಹೊರಡಿ ಎಂದಾಗ ಬೀದಿ ಬೀದಿಯಲ್ಲಿ ಸಹಿ ಸಂಗ್ರಹಿಸಿ, ಉಳಿಯುವ ಹಕ್ಕನ್ನು ಹೋರಾಡಿಯೇ ಪಡೆಯಬೇಕಾಯಿತು.

ಈಗಿನ ನಿಯಮದಂತೆ ನಮ್ಮ ಪದವಿಗೆ ಅಲ್ಲಿ ಮಾನ್ಯತೆ ಸಿಗುವವರೆಗೆ ನರ್ಸ್‌ಗೆ ಸಿಗುವುದು ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಕೇರಳ ಸರ್ಕಾರ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜೊತೆ ಮಾಡಿಕೊಂಡ ಟ್ರಿಪಲ್ ವಿನ್ ಯೋಜನೆಯಲ್ಲಿ ನೇಮಕಾತಿಯ ಖರ್ಚು ನರ್ಸ್‌ನ ತಲೆಗೆ ಬರುವುದಿಲ್ಲ. ಖಾಸಗಿ ಏಜೆಂಟರ ಮೂಲಕ ಹೋದರೆ ಹಾಗಲ್ಲ. ಭಾಷೆ ಕಲಿಸಿದ ಖರ್ಚು, ಏಜೆಂಟಿಗೆ ಕೊಟ್ಟ ಖರ್ಚು ಇಷ್ಟು, ಇಷ್ಟು ವರ್ಷದೊಳಗೆ ಆಸ್ಪತ್ರೆ ಬಿಟ್ಟರೆ ವಾಪಸು ಕಟ್ಟಬೇಕು ಎಂಬ ಕಲಂ ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಕೆಲಸ ಬದಲಿಸಲಾಗದ ಆಳಿಗೆ ಸಂಬಳ ಏರಿಸಬೇಕಾದ ತುರ್ತು ಯಾವ ಮಾಲೀಕನಿಗೂ ಇರುವುದಿಲ್ಲ. ಒಪ್ಪಂದ ಜರ್ಮನ್ ಭಾಷೆಯಲ್ಲಿರುತ್ತದೆ, ಆ ಕಲಂ ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ಬಿ2 ಪರೀಕ್ಷೆಗೆ ಪಾಠ ಮಾಡುವ ಮೇಷ್ಟ್ರು ಒಂದು ತರಗತಿಯನ್ನು ಅದನ್ನು ಓದಿಸಲಿಕ್ಕೆ ಇಟ್ಟರೆ, ವ್ಯಾಕರಣದ ಒಂದು ಪಾಠ ಹಿಂದೆ ಬಿದ್ದರೂ ಚಿಂತೆಯಿಲ್ಲ.